ಸೇಡು ಮತ್ತು ವೀರತ್ವ: ರಾಯಣ್ಣನ ಕಥನಗಳ ಒಂದು ವಿವೇಚನೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಯಲ್ಲಿ ಸಂಗೊಳ್ಳಿ ರಾಯಣ್ಣನ ಹೆಸರನ್ನರಿಯದ ಮನೆಯಿಲ್ಲ. ಲಾವಣಿ, ನಾಟಕಗಳಲ್ಲಿ ಬೆಳೆದ ಅವನ ಕಥೆಯು 2012ರಲ್ಲಿ ಚಲನಚಿತ್ರವಾಗಿಯೂ ಬಂದಿತು. ಈ ಕಥನಗಳಲ್ಲಿ ಒಂದು ಪ್ರಸಂಗಕ್ಕೆ ವಿಶೇಷ ಮನ್ನಣೆ. ಕಂದಾಯದ ನೆಪದಲ್ಲಿ ಊರ ಕುಲಕರ್ಣಿಯು ರಾಯಣ್ಣನ ತಾಯಿಯನ್ನು ಅವಮಾನಿಸುತ್ತಾನೆ. ಮಗನು ಕತ್ತಿ ಹಿರಿಯುತ್ತಾನೆ. ಹಾಗಾದರೆ ಸೇಡಿನಿಂದ ಬಂಡೆದ್ದವನನ್ನು ವೀರನೆನ್ನಬಹುದೇ?

ಜೈನ ಶಾಸ್ತ್ರವು ಕ್ರೋಧವನ್ನು ಅಳೆಯಲು ನಾಲ್ಕು ಗೆರೆಗಳ ಉಪಮೆಯನ್ನು ಕೊಟ್ಟಿದೆ: ಕಲ್ಲಿನ ಗೆರೆ, ನೆಲದ ಗೆರೆ, ಧೂಳಿನ ಗೆರೆ, ನೀರಿನ ಗೆರೆ. ನೀರಿನ ಗೆರೆ ಎಳೆದಂತೆಯೇ ಅಳಿಯುತ್ತದೆ. ಕಲ್ಲಿನ ಗೆರೆಯೇ ಅನಂತಾನುಬಂಧಿ; ಅದು ಭವಭವಗಳಿಗೂ ಹಿಂಬಾಲಿಸುವಂಥದು. ಪಾರ್ಶ್ವನಾಥ ಪುರಾಣದ ಕಮಠನು ಇದಕ್ಕೆ ನಿದರ್ಶನ. ತಮ್ಮನಾದ ಮರುಭೂತಿಯ ಮೇಲೆ ಅವನು ಸಾಧಿಸಿದ ವೈರ ಹಲವು ಜನ್ಮಗಳವರೆಗೆ ಹರಿಯಿತು. ಸೇಡಿನ ದೀರ್ಘತೆಯೇ ವೀರತ್ವವಾಗಿದ್ದರೆ ಕಮಠನಿಗಿಂತ ದೊಡ್ಡ ವೀರನಿಲ್ಲ. ಆದರೆ ಪುರಾಣವು ಅವನನ್ನು ವೀರನೆನ್ನಲಿಲ್ಲ.

ಈ ಅಳತೆಗೋಲಿನಿಂದ ರಾಯಣ್ಣನನ್ನು ನೋಡಬೇಕು. ಅವನು 1824ರ ಕಿತ್ತೂರು ಸಮರದಲ್ಲಿಯೇ ಹೋರಾಡಿದವನು. 1829ರಲ್ಲಿ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ಮೇಲೂ ಅವನ ಹೋರಾಟ ನಿಲ್ಲಲಿಲ್ಲ. ಸರಕಾರಿ ಕಚೇರಿಗಳನ್ನು ಸುಟ್ಟನು, ಖಜಾನೆಗಳನ್ನು ಲೂಟಿ ಮಾಡಿದನು. ದತ್ತುಪುತ್ರ ಶಿವಲಿಂಗಪ್ಪನನ್ನು ಗಾದಿಗೇರಿಸಲು ಹೆಣಗಿದನು. 1830ರಲ್ಲಿ ಮೋಸದಿಂದ ಸೆರೆಯಾಗಿ, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದನು. ತಾಯಿಯ ಅವಮಾನವೊಂದೇ ಕಾರಣವಾಗಿದ್ದರೆ ಕತ್ತಿಯು ಕುಲಕರ್ಣಿಯ ಬಾಗಿಲಲ್ಲಿಯೇ ಒರೆ ಸೇರಬೇಕಿತ್ತು. ಸ್ವಂತದ ನೋವು ನಾಡಿನ ನೋವಾದುದರಿಂದಲೇ ಅವನು ವೀರನಾದನು. ಸೇಡು ಅವನ ಕಥೆಯ ಹೊಸ್ತಿಲು ಮಾತ್ರ, ಗರ್ಭಗುಡಿಯಲ್ಲ. ಕಥನಕಾರರು ಹೊಸ್ತಿಲನ್ನೇ ಸಿಂಗರಿಸುತ್ತ ನಿಂತರೆ ರಾಯಣ್ಣನು ಚಿಕ್ಕವನಾಗುತ್ತಾನೆ.

ಹಾಗೆಂದು ಹಿಂಸೆಯ ಲೆಕ್ಕ ಶೂನ್ಯವಾಗದು. ಆಕ್ರಮಣವನ್ನೆದುರಿಸುವ ವಿರೋಧಿ ಹಿಂಸೆಯನ್ನು ಗೃಹಸ್ಥನು ಸಂಪೂರ್ಣವಾಗಿ ಬಿಡಲಾರನೆಂದು ಶಾಸ್ತ್ರ ಒಪ್ಪುತ್ತದೆ. ಕೊಲ್ಲಬೇಕೆಂಬ ಸಂಕಲ್ಪದಿಂದಲೇ ಮಾಡುವ ಹಿಂಸೆಯನ್ನು ಒಪ್ಪುವುದಿಲ್ಲ. ಶಲಾಕಾಪುರುಷರಲ್ಲಿ ಎಣಿಕೆಯಾದ ನಾರಾಯಣರು ಸಹ ಯುದ್ಧದಲ್ಲಿ ಗೆದ್ದು ನರಕಕ್ಕೆ ಹೋಗುತ್ತಾರೆ. ಪೌರುಷದ ಜಮೆ ಬೇರೆ, ಕರ್ಮದ ಖರ್ಚು ಬೇರೆ. ಒಂದನ್ನು ತೋರಿಸಿ ಇನ್ನೊಂದನ್ನು ಹೊಡೆದುಹಾಕಲಾಗದು.

ಇದು ಕೇವಲ ನಾಟಕದ ಮಾತಲ್ಲ. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಮೂರು ತಲೆಮಾರು ಕೋರ್ಟು ಹತ್ತುವುದೂ, ಬಸದಿಯ ಟ್ರಸ್ಟಿನಲ್ಲಿ ಹಳೆಯ ಮಾತೊಂದನ್ನು ಹಿಡಿದು ಎರಡು ಬಣಗಳು ಪೂಜೆಯನ್ನೇ ಬೇರೆ ಮಾಡಿಕೊಳ್ಳುವುದೂ ‘ಮಾನ’ದ ಹೆಸರಿನಲ್ಲಿಯೇ. ಸೇಡನ್ನು ಶೌರ್ಯವೆಂದು ಕಲಿತ ಮಕ್ಕಳು ಮುಂದೆ ಮಾಡುವುದಿದನ್ನೇ. ಮಾನವೂ ನಾಲ್ಕು ಕಷಾಯಗಳಲ್ಲಿ ಒಂದೆಂಬುದು ಆಗ ಯಾರಿಗೂ ನೆನಪಾಗದು.

ಬಂಡಾಯವನ್ನೂ ಸೇಡನ್ನೂ ಬೇರ್ಪಡಿಸಿ ತೋರಿಸಿದವನು ಬಾಹುಬಲಿ. ಚಕ್ರವರ್ತಿ ಭರತನಿಗೆ ತಲೆಬಾಗೆನೆಂದದ್ದು ಬಂಡಾಯವೇ. ಮೂರೂ ಯುದ್ಧಗಳಲ್ಲಿ ಗೆದ್ದು, ಮೇಲೆತ್ತಿದ ಅಣ್ಣನನ್ನು ನೆಲಕ್ಕಪ್ಪಳಿಸದೆ ಇಳಿಸಿದ ಗಳಿಗೆಯಲ್ಲಿ ಸೇಡು ಅಳಿಯಿತು, ಸ್ವಾತಂತ್ರ್ಯ ಉಳಿಯಿತು. ಇದೇ ಸೀಮೆಯ ಭೋಜದಿಂದ ಹೊರಟ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹವಿಟ್ಟರು. ಗೆಲ್ಲಬೇಕಾದ ವೈರಿ ಒಳಗಿದ್ದಾನೆಂಬುದೇ ಅವರ ಜೀವನದ ಪಾಠ.

ರಾಯಣ್ಣನು ವೀರನೇ ಸರಿ. ಆದರೆ ಸೇಡು ತೀರಿಸಿದ್ದಕ್ಕಲ್ಲ, ಸೇಡಿಗಿಂತ ದೊಡ್ಡವನಾದುದಕ್ಕೆ. ಮಕ್ಕಳಿಗೆ ಅವನ ಕಥೆಯನ್ನು ಹೇಳುವಾಗ ಈ ವಿವೇಕವನ್ನು ಬಿಡದಿರುವುದು ಶ್ರಾವಕರ ಹೊಣೆ.