ತಂದೆಯ ನಂಬರಿನ ಅಂಗಿ

ಆಸ್ಟ್ರೇಲಿಯಾದ ಫುಟ್‌ಬಾಲ್ ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ. ಒಂದೊಂದು ಕಡೆಗೆ ಹದಿನೆಂಟು ಜನ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದೂ ಓಡಬಹುದು. ಆ ಆಟದ ದೊಡ್ಡ ಹೆಸರು ರಾನ್ ಬರಾಸಿ. 2023ರಲ್ಲಿ, 87ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಶುರುಮಾಡುವುದು ಒಂದು ಅಂಗಿಯಿಂದ.

ತಂದೆ 31ನೇ ನಂಬರಿನ ಅಂಗಿ ತೊಟ್ಟು ಮೆಲ್ಬರ್ನ್ ಕ್ಲಬ್ಬಿಗೆ ಆಡುತ್ತಿದ್ದವರು. 1940ರಲ್ಲಿ ತಂಡದೊಂದಿಗೆ ಪ್ರಶಸ್ತಿ ಗೆದ್ದರು. 1941ರಲ್ಲಿ ಲಿಬಿಯಾದ ಟೊಬ್ರುಕ್‌ನಲ್ಲಿ ಯುದ್ಧಕ್ಕೆ ಬಲಿಯಾದರು. ಮಗನಿಗೆ ಆಗ ಐದು ವರ್ಷ. 'ತಂದೆ-ಮಗ' ನಿಯಮದ ಬಲದಿಂದ 1953ರಲ್ಲಿ ಅದೇ ಕ್ಲಬ್ಬಿಗೆ ಬಂದ ಮಗ ಅದೇ ನಂಬರು ತೊಟ್ಟ. ತಂದೆಯ ಗೆಳೆಯ, ಕೋಚ್ ನಾರ್ಮ್ ಸ್ಮಿತ್, ಹುಡುಗನನ್ನು ಮನೆಯಲ್ಲೇ ಇಟ್ಟುಕೊಂಡು ಬೆಳೆಸಿದರು.

ಕಥೆ ಚೆನ್ನಾಗಿದೆ, ಕಣ್ಣೂ ತುಂಬುತ್ತದೆ. ಆದರೆ ಗಂಡಸಿನಿಂದ ಗಂಡಸಿಗೆ ಕೈ ಬದಲಾಗುವ ಆಸ್ತಿಪತ್ರದ ಹಾಗಿದೆಯಲ್ಲ! ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಎಲ್ಜಾ ಟಾಸ್ಮೇನಿಯಾಕ್ಕೆ ಹೊರಟಾಗ ಮಗನನ್ನು ಮೆಲ್ಬರ್ನ್‌ನಲ್ಲಿ ಬಿಟ್ಟು ಹೋದಳು. ಹುಡುಗ ಮನೆಗೆ ಬಂದಾಗ ಸ್ಮಿತ್‌ಗೆ ಒಬ್ಬ ಆಟಗಾರ ಸಿಕ್ಕ. ಹೆಂಡತಿ ಮಾರ್ಜ್‌ಗೆ ಊಟದ ತಟ್ಟೆ ಒಂದು ಹೆಚ್ಚಿತು. ದೇವಕಿ-ಯಶೋದೆ ಇಬ್ಬರನ್ನೂ ನೆನೆಯುವ ನಮಗೆ ಈ ಕೊರತೆ ಬೇಗ ಕಾಣುತ್ತದೆ.

ಬರಾಸಿಯ ಆಟಕ್ಕೆ ಈ ಕಥೆಯ ಆಸರೆಯೂ ಬೇಕಿರಲಿಲ್ಲ. ಚೆಂಡಿಗೆ ಹಾರುವ ಎತ್ತರದ 'ರಕ್'ಗಳ ಸಾಲಿಗೆ ಆತ ಗಿಡ್ಡ. ಕೆಳಗೆ ಬಿದ್ದ ಚೆಂಡನ್ನು ಹೆಕ್ಕುವ ಚುರುಕು 'ರೋವರ್'ಗಳ ನಡುವೆ ದಾಂಡಿಗ. ಸ್ಮಿತ್ ಎರಡನ್ನೂ ಬೆರೆಸಿ 'ರಕ್-ರೋವರ್' ಜಾಗ ಕೊಟ್ಟರು. ಮೆಲ್ಬರ್ನ್ ಪರ 204 ಪಂದ್ಯ, 1955ರಿಂದ 1964ರೊಳಗೆ ಆರು ಪ್ರಶಸ್ತಿ. ಇದು ಅವರ ಸ್ವಂತ ದುಡಿಮೆ.

1965ರಲ್ಲಿ ಅವರು ಕಾರ್ಲ್ಟನ್ ಕ್ಲಬ್ಬಿಗೆ ನಾಯಕನೂ ಕೋಚೂ ಆಗಿ ಹೊರಟಾಗ ಮೆಲ್ಬರ್ನ್ ಅಭಿಮಾನಿಗಳು ಕೆಂಡವಾದರು. ಆಗದೆ ಏನು? ಅವನು ತಂದೆಯ ಆಸ್ತಿ ಎಂದು ಹೇಳಿಕೊಂಡು ಬಂದಿದ್ದರಲ್ಲ! ಹೊಗಳಲು ಕಟ್ಟಿದ ಕಥೆಯೇ ಕಾಲಿಗೆ ಹಗ್ಗವಾಯಿತು. ಕಾರ್ಲ್ಟನ್‌ಗೆ ಅವರು 1968 ಮತ್ತು 1970ರಲ್ಲಿ ಪ್ರಶಸ್ತಿ ತಂದರು. 1970ರ ಫೈನಲ್ಲಿನ ಅರ್ಧದಾರಿಯಲ್ಲಿ 44 ಪಾಯಿಂಟು ಹಿಂದಿದ್ದ ತಂಡ ಅದು!

ಬೆಳೆದ ಮಗ ತನ್ನ ದಾರಿ ಹಿಡಿಯುತ್ತಾನೆ ಎಂಬುದು ಸಾಕಿದ ಹೆಂಗಸರಿಗೆ ಹೊಸದೇನಲ್ಲ. ಅವರಿಗೂ ಆ ಕಥೆಯಲ್ಲಿ ಜಾಗವಿದ್ದಿದ್ದರೆ, ಹೊರಟವನನ್ನು ದ್ರೋಹಿ ಎನ್ನುವ ಮೊದಲು ಜನ ಒಂದು ಗಳಿಗೆ ಯೋಚಿಸುತ್ತಿದ್ದರೇನೋ.