ಬೀಗ ಹಾಕಿದ ಕಿಟಕಿ

ಯಲ್ದೂರಿನ ನಮ್ಮ ಮನೆಗೆ ಲ್ಯಾಪ್‌ಟಾಪ್ ಬಂದದ್ದು ತಂಗಿಯ ಮಗನಿಂದ. ಬೆಂಗಳೂರಿನಲ್ಲಿ ಹೊಸದನ್ನು ಕೊಂಡವನು ಹಳೆಯದನ್ನು ತಂದು, "ದೊಡ್ಡಮ್ಮ, ನಿಮ್ಮ ಓದಿಗೆ ಇದು ಧಾರಾಳವಾಯ್ತು" ಎಂದು ಮೇಜಿನ ಮೇಲಿಟ್ಟು ಹೋದ. ಅದರ ಜ್ಞಾಪಕಶಕ್ತಿ ಎರಡೇ ಜಿಬಿಯಂತೆ. ನನ್ನದೂ ಈಗ ಅಷ್ಟೇ ಇರಬಹುದು, ಹಾಗಾಗಿ ನಮ್ಮಿಬ್ಬರಿಗೂ ಹೊಂದಿಕೆಯಾಯಿತು. ಆದರೆ ಅದರಲ್ಲಿದ್ದ ದೊಡ್ಡ ಬ್ರೌಸರಿನಲ್ಲಿ ಮೂರು ಪುಟ ಬಿಚ್ಚಿದರೆ ಸಾಕು, ದಿಣ್ಣೆ ಹತ್ತುವ ಶ್ರೀನಿವಾಸಪುರದ ಬಸ್ಸಿನಂತೆ ಏದುಸಿರು ಬಿಡುತ್ತಿತ್ತು. ಹಗುರವಾದದ್ದೊಂದನ್ನು ಹುಡುಕಲು ಹೊರಟದ್ದು ಇದಕ್ಕೇ. ಬೀಗದ ವಿಷಯ ಆಗ ನನ್ನ ತಲೆಯಲ್ಲಿರಲಿಲ್ಲ.

ಬೀಗ ಎಂದಾಗ ಹಳೆಯ ಸಂಗತಿಯೊಂದನ್ನು ಹೇಳಬೇಕು. ಮುಳಬಾಗಿಲಿನಲ್ಲಿರುವ ನಮ್ಮ ಅತ್ತಿಗೆ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಅವರಿಗಾಗಿ ಕಂಪ್ಯೂಟರಿನಲ್ಲಿ ಪುಸ್ತಕ ಮಾರುವ ಅಂಗಡಿಯೊಂದರಲ್ಲಿ, ಹೆಸರು ಬೇಡ, ದುಡ್ಡು ಕೊಟ್ಟು ಒಂದು ಕಾದಂಬರಿ ಕೊಂಡೆ. ಕಳಿಸಲು ಹೋದರೆ ಕಳಿಸುವಂತಿಲ್ಲ, ನನ್ನ ಯಂತ್ರದಲ್ಲಿ ಮಾತ್ರ ತೆರೆಯುತ್ತದೆ. ಸರಿ, ದಿನಕ್ಕೊಂದು ಅಧ್ಯಾಯ ಫೋನಿನಲ್ಲಿ ನಾನೇ ಓದಿ ಹೇಳತೊಡಗಿದೆ. ಹನ್ನೊಂದನೆಯ ಅಧ್ಯಾಯದ ಹೊತ್ತಿಗೆ ಆ ಅಂಗಡಿಯೇ ಮುಚ್ಚಿತು. ಅದರ ಜೊತೆಗೆ ನಾನು ಕೊಂಡ ಪುಸ್ತಕವೂ ಹೋಯಿತು. "ಆಮೇಲೇನಾಯ್ತೇ?" ಎಂದು ಅತ್ತಿಗೆ ಕೇಳುತ್ತಲೇ ಇದ್ದರು.

ನಮ್ಮ ಕಾಲದಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಒಂದು ತ್ರಿವೇಣಿ ಕಾದಂಬರಿ ನಾಲ್ಕು ಮನೆ ಸುತ್ತಿ, ಒಗ್ಗರಣೆಯ ಕಲೆ ಹೊತ್ತುಕೊಂಡು ವಾಪಸಾಗುತ್ತಿತ್ತಲ್ಲ! ಬಾಡಿಗೆ ಒಂದು, ಓದುವವರು ಆರು ಜನ. ಅದನ್ನು ಕಳ್ಳತನವೆಂದು ಯಾರೂ ಅನ್ನಲಿಲ್ಲ.

ಹಗುರ ಬ್ರೌಸರುಗಳಿಗೆ ಬರುತ್ತೇನೆ. ನೆಟ್‌ಸರ್ಫ್, ಡಿಲ್ಲೊ, ಫಾಲ್ಕನ್, ಪೇಲ್ ಮೂನ್ ಎಂದು ಹುಡುಗ ಸಾಲಾಗಿ ಹಾಕಿಕೊಟ್ಟ. ಒಂದಂತೂ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಆದರೆ ಕನ್ನಡದ ಒತ್ತಕ್ಷರಗಳೆಲ್ಲ ಹುಣಸೆಬೀಜದ ಹಾಗೆ ಚೆಲ್ಲಾಪಿಲ್ಲಿ. ನಾವು ಓದುವುದೇ ಕನ್ನಡವಾದಾಗ ಅಂಥ ವೇಗ ಕಟ್ಟಿಕೊಂಡು ಏನು ಮಾಡಲಿ? ಫಾಲ್ಕನ್ ಚೊಕ್ಕವಾಗಿದೆ, ಆದರೆ ಅದರ ಹೊಟ್ಟೆಯೊಳಗೆ ಇರುವುದು ಕ್ರೋಮಿನ ವಂಶದ ಎಂಜಿನ್ನೇ. ಪೇಲ್ ಮೂನ್ ಫೈರ್‌ಫಾಕ್ಸಿನಿಂದ ಬೇರೆಯಾಗಿ ಸಂಸಾರ ಹೂಡಿದ್ದು. ಅಕ್ಷರಗಳು ಸರಿಯಾಗಿ ಕೂತವು. ನಾನು ಅದನ್ನೇ ಇಟ್ಟುಕೊಂಡೆ.

ಭಾನುವಾರ ಅದರಲ್ಲಿ ಒಂದು ಸಿನಿಮಾ ಹಾಕಿದರೆ ಕಪ್ಪು ಪರದೆ. ಚಂದಾ ಕಟ್ಟಿದ್ದೇವೆ, ನೆಟ್‌ವರ್ಕೂ ಇದೆ, ಚಿತ್ರ ಮಾತ್ರ ಬರಲೊಲ್ಲದು. ಬೀಗದ ವಿಷಯ ಗೊತ್ತಾದದ್ದು ಆಗ. ಸಿನಿಮಾ ಕಂಪನಿಗಳು ಚಿತ್ರವನ್ನು ಗೂಢಲಿಪಿಯಲ್ಲಿ ಕಳಿಸುತ್ತವೆ. ಅದನ್ನು ಬಿಚ್ಚುವ ಸಣ್ಣ ತಂತ್ರಾಂಶವೊಂದು ಬ್ರೌಸರಿನೊಳಗೇ ಕೂತಿರಬೇಕು. ಹೆಚ್ಚಿನ ಕಡೆ ಬಳಕೆಯಲ್ಲಿರುವುದು ಗೂಗಲ್‌ನ ವೈಡ್‌ವೈನ್. ಅದರೊಳಗೆ ಏನು ನಡೆಯುತ್ತದೆಂದು ನಾವು ಇಣುಕಿ ನೋಡುವಂತಿಲ್ಲ. ಮನೆ ನಮ್ಮದು, ಒಂದು ಕೋಣೆಯ ಬೀಗದ ಕೈ ಮಾತ್ರ ಬಾಡಿಗೆಯವನ ಹತ್ತಿರ! ಪೇಲ್ ಮೂನ್ ಮಾಡುವವರು ಈ ಏರ್ಪಾಡನ್ನೇ ಒಳಗೆ ಬಿಟ್ಟುಕೊಂಡಿಲ್ಲ.

ಈ ಬೀಗಕ್ಕೆ ಜಾಗ ಮಾಡಿಕೊಡುವ ನಿಯಮವನ್ನು ವೆಬ್ಬಿನ ಮಟ್ಟಗಳನ್ನು ಗೊತ್ತುಪಡಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2017ರ ಸೆಪ್ಟೆಂಬರ್ 18ರಂದು ಅಂಗೀಕರಿಸಿತು. ಅಂದೇ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಆ ಕೂಟಕ್ಕೆ ರಾಜೀನಾಮೆ ಕೊಟ್ಟು ಹೊರಬಂತು. ಒಪ್ಪಿಗೆ ಕೊಟ್ಟ ನಿರ್ದೇಶಕರು ವೆಬ್ಬನ್ನೇ ಹುಟ್ಟುಹಾಕಿದ ಟಿಮ್ ಬರ್ನರ್ಸ್ ಲೀ ಎಂಬುದನ್ನು ಓದಿದಾಗ ನನಗೆ ಯಾಕೋ ಕಸಿವಿಸಿಯಾಯಿತು. ಫೈರ್‌ಫಾಕ್ಸಿನವರು 2014ರಲ್ಲೇ ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡಿದ್ದರು. ಒಪ್ಪದಿದ್ದರೆ ಸಿನಿಮಾ ನೋಡುವ ಜನ ಬಿಟ್ಟುಹೋಗುತ್ತಾರೆಂಬ ಭಯ. ಸಣ್ಣವರ ಪಾಡು ಬೇರೆ. ಹೊಸ ಬ್ರೌಸರೊಂದನ್ನು ಕಟ್ಟುತ್ತಿದ್ದ ಒಬ್ಬಾತ ವೈಡ್‌ವೈನ್‌ಗಾಗಿ ಅರ್ಜಿ ಹಾಕಿ ನಾಲ್ಕು ತಿಂಗಳು ಕಾದ. 2019ರಲ್ಲಿ ಬಂದ ಉತ್ತರ, ಇಲ್ಲ ಎಂದು. ಹಗುರ ಬ್ರೌಸರುಗಳು ಬಡವಾಗಿಯೇ ಉಳಿಯುವುದು ಏಕೆಂದು ಈಗ ಅರ್ಥವಾಗಿರಬೇಕು.

ನಿರ್ಮಾಪಕರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಸಾಲ ಮಾಡಿ ತೆಗೆದ ಕನ್ನಡ ಚಿತ್ರ ಮರುದಿನವೇ ಎಲ್ಲರ ಫೋನಿನಲ್ಲಿ ಓಡಾಡಿದರೆ ಹೊಟ್ಟೆ ಉರಿಯದೆ ಇದ್ದೀತೆ? ನಮ್ಮ ಕಾನೂನೂ 2012ರ ತಿದ್ದುಪಡಿಯಲ್ಲಿ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಜೈಲೆಂದು ಸೇರಿಸಿತು. ಆದರೆ ಅದೇ ಕಾನೂನು ಹಕ್ಕಿಗೊಂದು ಕೊನೆಯನ್ನೂ ಇಟ್ಟಿದೆ, ಲೇಖಕರು ತೀರಿಕೊಂಡ ಮೇಲೆ 60 ವರ್ಷ. ತ್ರಿವೇಣಿಯವರು ಹೋದದ್ದು 1963ರಲ್ಲಿ. ಅವರು ಬದುಕಿದ್ದಾಗಲೇ ಅಚ್ಚಾದ ಕಾದಂಬರಿಗಳು 2024ರಿಂದ ನಮ್ಮೆಲ್ಲರವು. ನಮ್ಮ ಜಿಲ್ಲೆಯವರೇ ಆದ ಡಿವಿಜಿಯವರ ಪುಸ್ತಕಗಳಿಗೆ ಆ ದಿನ 2036ರಲ್ಲಿ ಬರುತ್ತದೆ. ಯಂತ್ರದ ಬೀಗಕ್ಕೆ ಈ ಲೆಕ್ಕ ಯಾರು ಕಲಿಸಿದ್ದಾರೆ? ಅವಧಿ ಮುಗಿದ ದಿನ ಅದು ತಾನಾಗಿ ತೆರೆದುಕೊಳ್ಳುವುದಿಲ್ಲ. ಕೊಟ್ಟದ್ದನ್ನು ಕಿತ್ತುಕೊಳ್ಳುವುದು ಮಾತ್ರ ಅದಕ್ಕೆ ಸುಲಭ. 2009ರ ಜುಲೈನಲ್ಲಿ ಅಮೆಜಾನಿನವರು ಓದುಗರ ಕಿಂಡಲ್‌ಗಳಿಂದ ಆರ್ವೆಲ್ಲನ ಪುಸ್ತಕಗಳನ್ನು ಅಳಿಸಿದ್ದರು. ಮಾರಿದವನಿಗೆ ಮಾರುವ ಹಕ್ಕಿರಲಿಲ್ಲವೆಂಬುದು ಕಾರಣ. ದುಡ್ಡು ವಾಪಸು ಕೊಟ್ಟರೆನ್ನಿ. ಆದರೂ ನಾವು ನಿದ್ದೆಯಲ್ಲಿದ್ದಾಗ ಕಪಾಟಿಗೆ ಕೈ ಹಾಕಿದರೆ ಹೇಗನ್ನಿಸುತ್ತದೆ, ನೀವೇ ಹೇಳಿ.

ಪೂರ್ತಿ ಮಡಿ ಮಾಡುವಷ್ಟು ಗಟ್ಟಿಗಿತ್ತಿ ನಾನಲ್ಲ. ಓದಿಗೆ, ಕನ್ನಡ ವಿಕಿಪೀಡಿಯಕ್ಕೆ ಪೇಲ್ ಮೂನ್. ಭಾನುವಾರದ ಸಿನಿಮಾಕ್ಕೆಂದು ಫೈರ್‌ಫಾಕ್ಸನ್ನೂ ಇಟ್ಟಿದ್ದೇನೆ. ಅದರ ಸೆಟ್ಟಿಂಗ್ಸಿನಲ್ಲಿ ಡಿಆರ್‌ಎಂ ಎಂದು ಬರೆದ ಒಂದು ಚೌಕ ಇದೆ. ಅಲ್ಲಿ ಟಿಕ್ ತೆಗೆದರೆ ಬೀಗದವನು ಹೊರಗೆ, ಹಾಕಿದರೆ ಒಳಗೆ. ಸಿನಿಮಾ ಮುಗಿದ ಕೂಡಲೇ ಟಿಕ್ ತೆಗೆಯುತ್ತೇನೆ. "ದೊಡ್ಡಮ್ಮ, ದಿನಾ ರಾತ್ರಿ ಗ್ಯಾಸ್ ಆಫ್ ಮಾಡಿದ ಹಾಗೆ ಮಾಡ್ತೀರಲ್ಲ" ಎಂದು ಹುಡುಗ ನಗುತ್ತಾನೆ. ನಗಲಿ.

ಅತ್ತಿಗೆಯ ಕಾದಂಬರಿಯ ಅಚ್ಚಿನ ಪ್ರತಿ ಕೊನೆಗೂ ಸಿಕ್ಕಿತು. ಮುಳಬಾಗಿಲಿಗೆ ಹೊರಟಿದ್ದ ನೆಂಟರ ಕೈಗೆ ಕೊಟ್ಟು ಕಳಿಸಿದೆ. ಹದಿನೈದು ದಿನ ಬಿಟ್ಟು ನಾನೇ ಹೋದಾಗ, ಒಂದ್ಸಲ ತಿರುವಿಹಾಕಿ ಕೊಡ್ತೀನಿ ಎಂದರೆ ಪುಸ್ತಕ ಮನೆಯಲ್ಲಿರಲಿಲ್ಲ. ಪಕ್ಕದ ಮನೆಯಾಕೆ ಒಯ್ದಿದ್ದಳು, ಅವಳಿಂದ ಅವಳ ಓರಗಿತ್ತಿ.