ನೊಳಂಬರ ಕಲ್ಲುಗಳು, ನಮ್ಮ ದಾಖಲೆಗಳು

ನಮ್ಮ ಗಡಿಭಾಗದ ಸಾಹಿತ್ಯ ಸಮಾರಂಭಗಳಲ್ಲಿ ನೊಳಂಬರ ಹೆಸರೆತ್ತದ ಸ್ವಾಗತ ಭಾಷಣ ಅಪರೂಪ. ನೊಳಂಬವಾಡಿ ಮೂವತ್ತೆರಡು ಸಾಸಿರ, ಹೆಂಜೇರು ಎಂಬ ರಾಜಧಾನಿ, ಕರಿಗಲ್ಲಿನಲ್ಲಿ ಕಡೆದ ಕಂಬಗಳು, ಇಷ್ಟನ್ನು ಹೇಳಿ ಚಪ್ಪಾಳೆ ಪಡೆದು ಮುಂದಿನ ವಿಷಯಕ್ಕೆ ಹೋಗುವುದು ರೂಢಿ. ಅಭಿಮಾನ ಬೇಡವೆಂದು ನಾನು ಹೇಳಲಾರೆ. ಆದರೆ ಒಂದು ಕಾವ್ಯವನ್ನು ಹೊಗಳುವುದು ಬೇರೆ, ಓದುವುದು ಬೇರೆ. ಕಾವ್ಯವನ್ನು ವಿಮರ್ಶೆಗೆ ಒಡ್ಡುವ ನಾವು, ಪರಂಪರೆಯನ್ನು ಕಾಪಾಡುತ್ತೇವೆಂದು ಹೊರಟ ಸಂಗ್ರಹಾಲಯಗಳನ್ನೂ ಇತಿಹಾಸ ಸಂಘಗಳನ್ನೂ ಅವುಗಳ ಗ್ರಂಥಗಳನ್ನೂ ಅದೇ ಕಣ್ಣಿನಿಂದ ಏಕೆ ನೋಡಬಾರದು? ಈ ಲೇಖನದ ಉದ್ದೇಶ ಅಷ್ಟೇ.

ನಮ್ಮ ಭಾಗದ ಅಮರಾಪುರ ಮಂಡಲದ ಹೇಮಾವತಿಯೇ ಶಾಸನಗಳ ಹೆಂಜೇರು. ಎಂಟನೆಯ ಶತಮಾನದಿಂದ ಹನ್ನೊಂದನೆಯ ಶತಮಾನದವರೆಗೆ ನೊಳಂಬ ಪಲ್ಲವರು ಇಲ್ಲಿಂದ ಆಳಿದರು. ಅವರ ವಂಶಾವಳಿಗೆ ಮುಖ್ಯ ಆಧಾರ ಹೇಮಾವತಿಯ ಕಂಬದ ಶಾಸನ. ತ್ರಿನಯನ ಪಲ್ಲವನಿಂದ ತೊಡಗಿ ಸಿಂಹಪೋತ, ಚಾರುಪೊನ್ನೇರ, ಪೊಳಲ್ಚೋರ, ಮಹೇಂದ್ರ, ಅಯ್ಯಪ, ಅಣ್ಣಿಗ, ದಿಲೀಪ ಎಂದು ಅದು ಸಾಗುತ್ತದೆ. ಮೈಸೂರು ಸಂಸ್ಥಾನದ ಬಿ.ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನ ಸಂಪುಟದಲ್ಲಿ, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಹೇಮಾವತಿಯ ಶಾಸನಗಳನ್ನೂ ಸೇರಿಸಿಕೊಂಡರು. ಕಲ್ಲಿನ ಕಥೆಯನ್ನು ಗಡಿಗಲ್ಲಿನ ಬಳಿ ತುಂಡರಿಸಲಾಗದೆಂದು ಆ ಅಧಿಕಾರಿಗೆ ತಿಳಿದಿತ್ತು. ಶಿರಾದ ಕೋಟೆಗೆ ಬುನಾದಿ ಹಾಕಿದ ಕಸ್ತೂರಿ ರಂಗಪ್ಪ ನಾಯಕನು ನಮ್ಮ ರೊಳ್ಳ ಸೀಮೆಯ ರತ್ನಗಿರಿಯ ಪಾಳೆಯಗಾರನೆಂಬುದನ್ನು ನೆನೆದರೂ ಇದೇ ಮಾತು ಮನದಟ್ಟಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ನೊಳಂಬರ ಕಂಬಗಳು ಹೇಮಾವತಿಯಲ್ಲಿ ಮಾತ್ರ ಇಲ್ಲ. ಚೋಳರು ಈ ನಾಡನ್ನು ಗೆದ್ದಾಗ ಕೆಲವನ್ನು ಕಾವೇರಿಯ ದಡಕ್ಕೆ ಸಾಗಿಸಿದರು. ತಿರುವೈಯಾರಿನ ಪಂಚನದೀಶ್ವರ ದೇವಾಲಯದ ಆವರಣದಲ್ಲಿ ಅವು ಇಂದಿಗೂ ಚಾವಣಿ ಹೊತ್ತು ನಿಂತಿವೆ. ತ್ಯಾಗರಾಜರ ಆರಾಧನೆಗೆಂದು ಪ್ರತಿವರ್ಷ ಅಲ್ಲಿಗೆ ಹೋಗಿಬರುವ ಸಂಗೀತಪ್ರಿಯರಲ್ಲಿ ಎಷ್ಟು ಮಂದಿ ಅವನ್ನು ನಮ್ಮ ಸೀಮೆಯ ಕಂಬಗಳೆಂದು ಗುರುತಿಸಿಯಾರು? ಸಿ. ಶಿವರಾಮಮೂರ್ತಿ ಅವರು ರಾಜರ ವಿಜಯಯಾತ್ರೆಗಳೊಡನೆ ಕಲೆಯೂ ವಲಸೆ ಹೋದ ಬಗೆಯನ್ನು 1955ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ವಿವರಿಸಿದಾಗ ಈ ಕಂಬಗಳನ್ನು ಶೈಲಿಯಿಂದ ಗುರುತಿಸಬೇಕಾಯಿತು.

ಇದರೊಡನೆ ಇನ್ನೊಂದು ಕಲ್ಲನ್ನು ಹೋಲಿಸಿ ನೋಡಬೇಕು. ಹನ್ನೊಂದನೆಯ ಶತಮಾನದ ನಡುವೆ ಚೋಳ ರಾಜಾಧಿರಾಜನು ಚಾಳುಕ್ಯರ ಕಲ್ಯಾಣವನ್ನು ಸುಟ್ಟು ಅಲ್ಲಿಂದ ಒಬ್ಬ ದ್ವಾರಪಾಲಕನನ್ನು ಹೊತ್ತು ತಂದ. ದಾರಾಸುರದಲ್ಲಿದ್ದು ಈಗ ತಂಜಾವೂರಿನಲ್ಲಿರುವ ಆ ಮೂರ್ತಿಯ ಪೀಠದ ಮೇಲೆ, ಕಲ್ಯಾಣಪುರವನ್ನು ಸುಟ್ಟು ತಂದ ದ್ವಾರಪಾಲಕನೀತ ಎಂದು ತಮಿಳಿನಲ್ಲಿ ಕೆತ್ತಿದೆ. ಬರೆಸಿದ್ದು ಗೆದ್ದವನ ಗರ್ವ. ಆದರೂ ಆ ಒಂದು ಸಾಲಿನಿಂದಾಗಿ ಸಾವಿರ ವರ್ಷಗಳ ಮೇಲೂ ಆ ಕಲ್ಲಿನ ತವರು ಯಾವುದೆಂದು ಯಾರೂ ತರ್ಕಿಸಬೇಕಾಗಿಲ್ಲ. ನಮ್ಮ ಕಂಬಗಳಿಗೆ ಆ ಭಾಗ್ಯ ಬರಲಿಲ್ಲ. ವಿದ್ವಾಂಸರ ಕಣ್ಣು ಇರುವವರೆಗೆ ಮಾತ್ರ ಅವು ಹೇಮಾವತಿಯವು, ಆ ಕಣ್ಣು ಮುಚ್ಚಿದರೆ ಬರಿಯ ಕಂಬಗಳು.

ಸಂಗ್ರಹಾಲಯದ ಯೋಗ್ಯತೆಯನ್ನು ನಾನು ಅಳೆಯುವುದು ಈ ಅಳತೆಗೋಲಿನಿಂದ. ಅದು ಎಷ್ಟು ಕಲ್ಲುಗಳನ್ನು ಕೂಡಿಹಾಕಿದೆ ಎಂಬುದಲ್ಲ, ಪ್ರತಿಯೊಂದು ಕಲ್ಲಿನ ತವರನ್ನು ಎಷ್ಟು ಖಚಿತವಾಗಿ ಹೇಳಬಲ್ಲದು ಎಂಬುದು. ಅನಂತಪುರ ಜಿಲ್ಲೆ ಮದರಾಸು ಪ್ರಾಂತದಲ್ಲಿದ್ದುದರಿಂದ ನೊಳಂಬ ಶಿಲ್ಪಗಳಲ್ಲಿ ಶ್ರೇಷ್ಠವಾದ ಹಲವು ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದವು. ಅವುಗಳನ್ನು ಕುರಿತು ಅದೇ ಶಿವರಾಮಮೂರ್ತಿ ಅವರ ಪುಸ್ತಕ 1964ರಲ್ಲಿ ಹೊರಬಂದಿತು. ಬಳಿಕ ಎಂ.ಎಸ್. ಕೃಷ್ಣಮೂರ್ತಿ ಅವರ ನೊಳಂಬರ ರಾಜಕೀಯ ಮತ್ತು ಸಾಂಸ್ಕೃತಿಕ ಅಧ್ಯಯನವನ್ನು 1980ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಪ್ರಕಟಿಸಿತು. 1998ರಲ್ಲಿ ಆಂಡ್ರ್ಯೂ ಕೋಹೆನ್ ಅವರ ವಾಸ್ತುಶಿಲ್ಪದ ಗ್ರಂಥ ಬಂದಿತು. ಮೂರೂ ಇಂಗ್ಲಿಷಿನವು, ಮೂರೂ ಪರಿಶ್ರಮದ ಫಲ. ದೊಡ್ಡೇಶ್ವರ ಗುಡಿಯ ಜಾಲಂಧ್ರಗಳ ನಯವನ್ನಾಗಲಿ, ನೊಳಂಬ ಶಿಲ್ಪಿಯು ಉತ್ತರದ ರಾಷ್ಟ್ರಕೂಟರಿಂದಲೂ ದಕ್ಷಿಣದ ಪಲ್ಲವರಿಂದಲೂ ಪಡೆದು ತನ್ನದಾಗಿಸಿಕೊಂಡ ಬಗೆಯನ್ನಾಗಲಿ ಲೋಕದ ವಿದ್ವಾಂಸರು ಬಲ್ಲರೆಂದರೆ ಅದು ಇಂಥವರ ಉಪಕಾರ. ಆದರೆ ಈ ಬಗೆಯ ಗ್ರಂಥಗಳಿಗೆ ಒಂದು ಮಿತಿಯುಂಟು. ಅವುಗಳ ದೃಷ್ಟಿ ಹೆಚ್ಚಾಗಿ ಅರಮನೆ, ಗುಡಿ, ಕಂಬಗಳ ಮೇಲೆ. ಹೊಲದ ಬದುವಿನಲ್ಲಿ ಅರ್ಧ ಹೂತ ಒರಟು ವೀರಗಲ್ಲಿಗೆ ಕಲೆಯ ಇತಿಹಾಸದಲ್ಲಿ ಹೆಚ್ಚಿನ ಸ್ಥಾನ ಸಿಗುವುದಿಲ್ಲ.

ಈ ಕೊರತೆಯನ್ನು ತುಂಬುವುದು ಒಂದು ನೀರಸ ಗ್ರಂಥ. ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಅವರು ಸಂಪಾದಿಸಿದ ದಕ್ಷಿಣ ಭಾರತದ ಶಾಸನಗಳು ಮಾಲೆಯ ಒಂಬತ್ತನೆಯ ಸಂಪುಟದ ಮೊದಲ ಭಾಗ, 1939ರದು. ಮದರಾಸು ಪ್ರಾಂತದ ಕನ್ನಡ ಶಾಸನಗಳಿಗೇ ಮೀಸಲಾದದ್ದು. ಕಥೆಯಿಲ್ಲ, ವರ್ಣನೆಯಿಲ್ಲ, ಚಿತ್ರಗಳ ಸೊಬಗಿಲ್ಲ. ಆದರೂ ನನ್ನ ಮಟ್ಟಿಗೆ ನಮ್ಮ ಸೀಮೆಯ ಅತ್ಯುತ್ತಮ ಸಂಗ್ರಹಾಲಯ ಇದೇ. ಶಾಮಶಾಸ್ತ್ರಿಗಳೆಂದರೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮಹನೀಯರು. ಅಂಥವರು ಹಳ್ಳಿಯ ಕಲ್ಲಿನ ಅಕ್ಷರಗಳಿಗಾಗಿ ಕಣ್ಣು ಸವೆಸಿದರು. ಶಾಸನದ ತಲೆಯಲ್ಲಿ ತಾಲ್ಲೂಕು, ಊರು, ಕಲ್ಲು ಇದ್ದ ಜಾಗ ಇವುಗಳ ಒಂದೆರಡು ಸಾಲಿನ ಟಿಪ್ಪಣಿ, ಅದರ ಕೆಳಗೆ ಮೂಲದ ಪಾಠ. ಆ ಟಿಪ್ಪಣಿಯೇ ಈ ಗ್ರಂಥದ ಜೀವ. ಕಲ್ಲು ನಾಳೆ ಒಡೆದುಹೋದರೂ ಅದು ಯಾವ ಊರಿನದೆಂಬುದು ಅಳಿಯದು. ದೋಷವನ್ನೂ ಹೇಳಬೇಕಲ್ಲ: ಟಿಪ್ಪಣಿ ಇಂಗ್ಲಿಷಿನಲ್ಲಿದೆ, ಪಾಠ ಹಳಗನ್ನಡದಲ್ಲಿದೆ, ಅನುವಾದವಿಲ್ಲ. ಯಾರ ಊರಿನ ಕಲ್ಲೋ ಅವರಿಗೆ ಅದು ಎಟುಕುವುದಿಲ್ಲ.

ಎಟುಕಿದರೆ ಏನು ಸಿಕ್ಕೀತೆಂಬುದಕ್ಕೆ ನಾಲ್ಕು ಶಬ್ದಗಳು ಸಾಕು. ಕನ್ನಡ ವೀರಗಲ್ಲುಗಳಲ್ಲಿ ತುಱುಗೋಳ್ ಎಂಬ ಮಾತು ಬರುತ್ತದೆ, ಶತ್ರುಗಳು ದನಕರುಗಳನ್ನು ಹೊಡೆದುಕೊಂಡು ಹೋಗುವುದು. ಊರಳಿವು ಎಂದರೆ ಊರಿಗೆ ಊರೇ ಸೂರೆಹೋಗುವುದು. ಪೆಣ್ಬುಯ್ಯಲ್ ಎಂದರೆ ಹೆಂಗಸರ ಮೊರೆ. ಈ ಸಂದರ್ಭಗಳಲ್ಲಿ ಕಾದಿ ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ ಕಲ್ನಾಡು. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವನ ಸನ್ನಿಧಿ. ಅರಸನ ಹೆಸರು ಕಾಲಸೂಚನೆಗೆ ಒಂದು ಸಾಲು ಮಾತ್ರ. ಉಳಿದುದೆಲ್ಲ ದನ ಕಾಯಲು ಹೋಗಿ ಸತ್ತ ಸಾಮಾನ್ಯನದು. ಕೆರೆಯನ್ನು ಆ ಕಾಲದವರು ಕೆಱೆ ಎಂದು ಬರೆಯುತ್ತಿದ್ದರು. ಱ, ೞ ಎಂಬೆರಡು ಅಕ್ಷರಗಳನ್ನು ಎಂಟನೆಯ ತರಗತಿಯ ಮಕ್ಕಳಿಗೆ ಒಂದು ಪಾಠದ ಅವಧಿಯಲ್ಲಿ ಕಲಿಸಬಹುದು. ನಾನು ಕಲಿಸಿದ್ದೇನೆ. ಅಚ್ಚಾದ ಶಾಸನಪಾಠವನ್ನು ಅವರು ತೊದಲುತ್ತಲಾದರೂ ಓದುತ್ತಾರೆ. ಕಲ್ಲಿನ ಮೇಲಿನ ಲಿಪಿಗೆ ಇನ್ನೂ ಅಭ್ಯಾಸ ಬೇಕು, ಅದು ಬೇರೆ ಮಾತು.

ಊರಿನವರೇ ಮುಂದಾದರೆ ಏನಾಗುತ್ತದೆಂಬುದಕ್ಕೆ ದೂರದ ಉದಾಹರಣೆ ಬೇಡ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಕಿತ್ತಯ್ಯನೆಂಬ ವೀರನ ಕಲ್ಲು ದೊರೆಯಿತು. ಗಂಗ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಆ ಕಲ್ಲನ್ನು ಎಲ್ಲಿಗೂ ಸಾಗಿಸದೆ ಅಲ್ಲಿನ ನಿವಾಸಿಗಳು ಅದಕ್ಕೆ ಮಂಟಪ ಕಟ್ಟಿದರು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ ಇಂದು ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮಗಳ ಡಿಜಿಟಲ್ ರೂಪದಲ್ಲಿ ಉಳಿಸುತ್ತಿದೆ. ಆಲೂರು ವೆಂಕಟರಾಯರು 1914ರಲ್ಲಿ ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಲವನ್ನು ಸ್ಥಾಪಿಸಿದಾಗ ಕೈಯಲ್ಲಿ ಇದ್ದುದು ಉತ್ಸಾಹ ಮಾತ್ರ. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಪ್ರೊ. ತುಕಾರಾಮ ಪೂಜಾರಿ ಅವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹವೂ ಒಬ್ಬ ಅಧ್ಯಾಪಕನ ಹಟದಿಂದ ಬೆಳೆದದ್ದು.

ನಮ್ಮ ಸ್ಥಿತಿ ಇವರೆಲ್ಲರಿಗಿಂತ ತುಸು ಇಕ್ಕಟ್ಟಿನದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಅಲ್ಲಿಗೆ ಸೇರಿದವು. ಮೊದಲೇ ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರ ಅದರೊಡನೆಯೇ ಹೋಯಿತು. 2022ರ ಏಪ್ರಿಲ್‌ನಲ್ಲಿ ಮಡಕಶಿರ ಸೀಮೆ ಶ್ರೀ ಸತ್ಯಸಾಯಿ ಜಿಲ್ಲೆಯಾಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಗಡಿಗಳನ್ನು ಎಳೆದವರ ಮೇಲೆ ನನ್ನ ದೂರಿಲ್ಲ. ಧರ್ಮಪುರಿಯಲ್ಲಿಯೂ ನೊಳಂಬ ಮಹೇಂದ್ರನ ಕನ್ನಡ ಶಾಸನ ಸಿಕ್ಕಿದೆ, ಅದು ಈಗ ತಮಿಳುನಾಡು. ನೊಳಂಬರು ತಮ್ಮನ್ನು ಪಲ್ಲವರೆಂದು ಕರೆದುಕೊಂಡರು, ಕನ್ನಡದಲ್ಲಿ ಬರೆಸಿದರು, ಗಂಗರೊಡನೆ ಕಾದಿದರು. ಗಂಗ ಮಾರಸಿಂಹನಿಗೆ ನೊಳಂಬಕುಲಾಂತಕ ಎಂಬ ಬಿರುದೇ ಇತ್ತು. ಅವನೂ ಕನ್ನಡಿಗನೇ! ಆದ್ದರಿಂದ ನೊಳಂಬರನ್ನು ಭಾಷಾಜಗಳದ ಬಾವುಟವಾಗಿ ಹಿಡಿಯುವ ಭಾಷಣಗಳು ನನಗೆ ಒಪ್ಪಿಗೆಯಾಗವು. ಆದರೆ ಒಂದು ಸತ್ಯವನ್ನು ಮರೆಮಾಚಲಾಗದು. ಈ ಕಲ್ಲುಗಳ ಭಾಷೆ ಕನ್ನಡ. ನಮ್ಮ ಮಂಡಲಗಳ ಶಾಲೆಗಳಲ್ಲಿ ಕನ್ನಡ ಅಕ್ಷರ ಬಲ್ಲ ಮಕ್ಕಳು ಇರುವವರೆಗೆ ಅವನ್ನು ಓದಬಲ್ಲವರು ಊರಲ್ಲೇ ಇದ್ದಾರೆ. ಇಲ್ಲವಾದರೆ ಪ್ರತಿಯೊಂದಕ್ಕೂ ಹೊರಗಿನ ಪಂಡಿತನನ್ನು ಕರೆಸಬೇಕು.

ಹೇಮಾವತಿಯ ಗುಡಿಯ ಆವರಣದ ಸಂಗ್ರಹಾಲಯಕ್ಕೆ ಸುತ್ತಲಿನ ಹಳ್ಳಿಗಳ ಕಲ್ಲುಗಳನ್ನೆಲ್ಲ ತಂದಿಡಬೇಕೆಂಬ ಸಲಹೆ ಆಗಾಗ ಕೇಳಿಬರುತ್ತದೆ. ಬಿದ್ದುಹೋದ ಗುಡಿಯ ಬಿಡಿ ಶಿಲ್ಪಗಳಿಗೆ ಅದು ಸರಿ. ವೀರಗಲ್ಲಿಗೆ ಸಲ್ಲದು. ಸತ್ತವನ ಊರಿನಿಂದ ಕಿತ್ತು ತಂದ ವೀರಗಲ್ಲು ಸಾಲಿನಲ್ಲಿ ನಿಲ್ಲಿಸಿದ ಇನ್ನೊಂದು ಕಲ್ಲಾಗುತ್ತದೆ. ರಸ್ತೆ ಅಗಲವಾಗುವಾಗ, ಕಾಲುವೆ ತೋಡುವಾಗ ಬೇರೆ ದಾರಿಯಿಲ್ಲದಿದ್ದರೆ ಮಾತ್ರ ಎತ್ತಬೇಕು. ಎತ್ತುವ ಮೊದಲು ಎಲ್ಲಿತ್ತೆಂದು ಬರೆಯಬೇಕು, ಇಲಾಖೆಗೆ ತಿಳಿಸಬೇಕು. ಭಕ್ತಿಯಿಂದ ಅದಕ್ಕೆ ಬಣ್ಣ ಬಳಿಯುವವರಿಗೆ ಜಗಳವಾಡದೆ ಒಂದು ಮಾತು ಹೇಳಬೇಕು, ಬಣ್ಣದ ಅಡಿಯಲ್ಲಿ ಅಕ್ಷರಗಳಿವೆ ಎಂದು.

ನಮ್ಮ ಸಂಘಕ್ಕೆ ನಾನು ಸೂಚಿಸುವ ಕೆಲಸ ಕಟ್ಟಡ ಬೇಡದ್ದು, ಹೆಚ್ಚು ಹಣವೂ ಬೇಡದ್ದು. 1939ರ ಸಂಪುಟದಲ್ಲಿ ಮಡಕಶಿರ ತಾಲ್ಲೂಕಿನ ಊರುಗಳನ್ನು ಪಟ್ಟಿಮಾಡಿ, ಟಿಪ್ಪಣಿಯಲ್ಲಿ ಹೇಳಿದ ಜಾಗಕ್ಕೆ ಹೋಗಿ, ಕಲ್ಲು ಇದೆಯೋ ಇಲ್ಲವೋ ನೋಡುವುದು. ಇದ್ದರೆ ಓರೆ ಬಿಸಿಲಿನಲ್ಲಿ ಒಂದು ಛಾಯಾಚಿತ್ರ, ಸರ್ವೆ ನಂಬರು, ಊರವರು ಅದನ್ನು ಕರೆಯುವ ಹೆಸರು, ಅದರ ಬಗ್ಗೆ ಹಿರಿಯರು ಹೇಳುವ ಮಾತು. ಇಲ್ಲವಾದರೆ ಕೊನೆಗೆ ಕಂಡವರು ಯಾರು, ಯಾವ ವರ್ಷ. ಸಂಪುಟದಲ್ಲಿ ಇಲ್ಲದ ಕಲ್ಲು ಸಿಕ್ಕರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಶಾಸನ ವಿಭಾಗ ಮೈಸೂರಿನಲ್ಲೇ ಇದೆ, ಒಂದು ಪತ್ರ ಬರೆದರಾಯಿತು. ಬರೆದುದರ ಒಂದು ಪ್ರತಿ ಸಂಘದಲ್ಲಿ, ಒಂದು ಆಯಾ ಊರಿನ ಶಾಲೆಯಲ್ಲಿ, ಒಂದು ಪಂಚಾಯಿತಿಯಲ್ಲಿ. ಯುವಕರು ಹೊರಡುವುದಾದರೆ ಬೇಸಿಗೆಯಲ್ಲಿ ಹೊರಡಲಿ. ಕೆರೆಯಲ್ಲಿ ನೀರು ಇಳಿದಾಗ ಏರಿಯ ಬುಡದ ಕಲ್ಲುಗಳೂ ತೂಬಿನ ಬಳಿಯವೂ ಕಣ್ಣಿಗೆ ಬೀಳುತ್ತವೆ.